ಹೇಮಾಳ ಎಡಗಿವಿ

ಮೌನೇಶ ಮಗಳ ಮೇಲೆ ಕೈ ಮಾಡಿದ್ದು ಇಪ್ಪತ್ತೊಂದು ವರ್ಷದಲ್ಲಿ ಅದೇ ಮೊದಲ ಸಲ. ಅದೂ ಉಣ್ಣುವ ಹೊತ್ತಿನಲ್ಲಿ.

ಜೂನ್ ತಿಂಗಳ ಕೊನೆ. ಮೌನೇಶನಿಗೆ ಅವತ್ತು ವಾರದ ರಜೆ. ಮೆಟ್ರಿ ಎಂಬ ಊರಿನ ಆ ಎರಡು ಕೋಣೆಯ ಮನೆಯಲ್ಲಿ ನಾಲ್ವರೂ ಒಟ್ಟಿಗೆ ಉಣ್ಣಲು ಸಿಗುತ್ತಿದ್ದದ್ದು ರಜೆಯ ದಿನ ಮಾತ್ರ. ಹೆಂಡತಿ ಗಾಯತ್ರಿ ಬದನೆಕಾಯಿ ಎಣ್ಣೆಗಾಯಿ ಮಾಡಿ, ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ಅವಳ ಅತ್ತೆ ಹುಸೇನಮ್ಮ ಗೋಡೆಗೆ ಒರಗಿಕೊಂಡು, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಉಣ್ಣುತ್ತಿದ್ದಳು. ಮಗಳು ಹೇಮಾಳ ತಟ್ಟೆಯ ಪಕ್ಕದಲ್ಲಿ ಫೋನ್ ಇತ್ತು. ತೋರಣಗಲ್ಲಿನ ಕಡೆಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುವ ತರಬೇತಿಗೆ ಆಯ್ಕೆಯಾಗಿದ್ದೀರಿ, ಜುಲೈ ಇಪ್ಪತ್ತಕ್ಕೆ ಮೆಡಿಕಲ್ ತಪಾಸಣೆಗೆ ಬನ್ನಿ ಎಂಬ ಸುದ್ದಿ ಅದರಲ್ಲಿ ಬೆಳಿಗ್ಗೆಯಷ್ಟೇ ಬಂದಿತ್ತು. ಐಟಿಐ ಮುಗಿಸಿ ಒಂದು ವರ್ಷ ಕಾದ ಹುಡುಗಿ ಅದನ್ನು ಅಷ್ಟರಲ್ಲಿ ಹತ್ತು ಸಲ ಓದಿದ್ದಳು.

"ಮೆಡಿಕಲ್ಲೂ ಬ್ಯಾಡ, ಏನೂ ಬ್ಯಾಡ," ಅಂದ ಮೌನೇಶ. "ಇನ್ನ ನಾಲ್ಕು ದಿನಕ್ಕ ದರೋಜಿಯಿಂದ ನಿಮ್ಮತ್ತಿ ಹುಲಿಗೆಮ್ಮ ಬರ್ತಾಳ. ಆಕಿ ಮಗ ಕನಕರಾಜಂದೂ ನಿಂದೂ ಮಾತು ಮುಗಿಸಿಬಿಡೋಣ."

"ನಾ ಅವತ್ತೇ ಹೇಳೀನಲ್ಲಪ್ಪ, ಈಗ ಮದುವಿ ಬ್ಯಾಡಂತ."

"ಹದಿನಾರು ವರ್ಷ ದುಡದೀನಿ ಅಲ್ಲಿ. ಬೆಂಕಿ, ಧೂಳು, ರಾತ್ರಿ ಪಾಳಿ. ಹೆಣ್ಣುಮಕ್ಕಳು ಹೋಗೋ ಜಾಗ ಅಲ್ಲ ಅದು."

"ನಮ್ಮ ಐಟಿಐದ ಮೂರು ಹುಡುಗ್ಯಾರು ಆಗ್ಲೇ ಅಲ್ಲೇ ಅದಾರ."

"ಅವರ ಅಪ್ಪಗೋಳಿಗೆ ಮರ್ಯಾದಿ ಇಲ್ಲ. ನನಗೈತಿ."

ಹೇಮಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. "ಮರ್ಯಾದಿ ಮಾತಲ್ಲಪ್ಪ ಇದು. ನೀನು ಗುತ್ತಿಗಿ ಆಳಾಗಿ ಕೆಳಗ ನಿಂತು ಚೈನ್ ಕಟ್ತಿ. ಮಗಳು ಮ್ಯಾಲ ಕುಂತು ಕ್ರೇನ್ ನಡಸ್ತಾಳಲ್ಲ, ಅದು ನಿನಗ ನುಂಗಾಕ ಆಗವಲ್ದು."

ಮೌನೇಶನ ಬಲಗೈ ಎಷ್ಟು ಜೋರಾಗಿ ಬಿತ್ತೆಂದರೆ, ಆ ಸದ್ದಿಗೆ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ತಲೆ ಎತ್ತಿತು. ಹೇಮಾ ಅಳಲಿಲ್ಲ. ಎಡಗಿವಿಯ ಮೇಲೆ ಅಂಗೈ ಒತ್ತಿಕೊಂಡು, ಏನೋ ಕೇಳಿಸಿಕೊಳ್ಳುವವಳ ಹಾಗೆ ಕತ್ತು ವಾರೆ ಮಾಡಿ ಕೂತಳು. "ಒಳಗ ಪಟ್ ಅಂತಮ್ಮ," ಅಂದಳು ಗಾಯತ್ರಿಯ ಕಡೆ ನೋಡಿ.

"ಲೇ ಮೌನ್ಯಾ, ನಿನ್ನ ಕೈ ಸೇದಿಹೋಗ್ಲಿ!" ಹುಸೇನಮ್ಮ ಚೀರಿದಳು. "ಅನ್ನದ ಮುಂದ ಕುಂತ ಹೆಣ್ಣುಮಗಳನ್ನ ಹೊಡಿತೀಯೇನೋ!"

ಮೌನೇಶ ಎದ್ದು ಹೊರಗೆ ಹೋದ. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಗಿ ಹೊಗೆ ಎದ್ದಿದ್ದು ಗಾಯತ್ರಿಗೆ ಗೊತ್ತಾಗಲೇ ಇಲ್ಲ.

ಮರುದಿನ ಹೇಮಾಳ ದಿಂಬಿನ ಮೇಲೆ ಉದ್ದಿನಕಾಳಿನಷ್ಟು ರಕ್ತದ ಕಲೆ ಇತ್ತು. ಎಡಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ಹುಸೇನಮ್ಮ ಬೆಳ್ಳುಳ್ಳಿ ಜಜ್ಜಿ, ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಬಟ್ಟಲು ಹಿಡಿದು ಬಂದಳು. ಹೇಮಾ ಬಾಗಿಲು ಹಾಕಿಕೊಂಡಳು. ಅದರ ಮರುದಿನ ಗಾಯತ್ರಿ ಮಗಳನ್ನು ಕರೆದುಕೊಂಡು ಕಂಪ್ಲಿಯಲ್ಲಿ ಬಸ್ಸು ಬದಲಿಸಿ ಹೊಸಪೇಟೆಗೆ ಹೋದಳು. ಮೌನೇಶ ನಸುಕಿನ ಪಾಳಿಗೆ ಹೋಗಿದ್ದ. ಅವನಿಗೆ ಯಾರೂ ಹೇಳಲಿಲ್ಲ.

ಕಿವಿ ಡಾಕ್ಟರು ನಡುವಯಸ್ಸಿನ ಹೆಂಗಸು. ದೀಪವಿರುವ ಸಣ್ಣ ಕೊಳವೆಯನ್ನು ಕಿವಿಗಿಟ್ಟು ಬಹಳ ಹೊತ್ತು ನೋಡಿದರು.

"ಏನಾಗಿತ್ತು?"

"ಬಾಗಿಲು ಬಡದೈತ್ರಿ," ಅಂದಳು ಗಾಯತ್ರಿ.

ಡಾಕ್ಟರು ಹೇಮಾಳ ಗಲ್ಲವನ್ನು ಬೆಳಕಿಗೆ ತಿರುಗಿಸಿದರು. ನೀಲಿ ಗೆರೆಗಳು ಇನ್ನೂ ಮಾಸಿರಲಿಲ್ಲ. "ಬಾಗಿಲಿಗೆ ಬೆರಳು ಇರ್ತಾವೇನಮ್ಮ?"

ಹೇಮಾ ಗೋಡೆಯ ಗಡಿಯಾರ ನೋಡಿದಳು. ಗಾಯತ್ರಿ ಸೆರಗಿನ ತುದಿ ಸುತ್ತಿದಳು. ಡಾಕ್ಟರು ಮತ್ತೆ ಕೆದಕಲಿಲ್ಲ. ಹಾಳೆಯ ಮೇಲೆ ಕಿವಿಯ ಚಿತ್ರ ಬರೆದು, ಒಳಗಿನ ಗೆರೆಯ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು.

"ಇದು ಕಿವಿ ತಮಟೆ. ಇಲ್ಲಿ ತೂತು ಬಿದ್ದೈತಿ. ಸಣ್ಣದು, ಒಣಗಿದ್ದು. ಇಂಥವು ಬಹಳ ಮಂದಿಗೆ ತಾವಾಗೇ ಕೂಡ್ಕೊಳ್ತಾವ. ಆರು ವಾರ, ಎಂಟು ವಾರ, ಕೆಲವರಿಗೆ ಮೂರು ತಿಂಗಳು."

"ಜುಲೈ ಇಪ್ಪತ್ತಕ್ಕ ಮೆಡಿಕಲ್ ಐತ್ರಿ ಮೇಡಂ," ಹೇಮಾ ಅವಸರದಿಂದ ಅಂದಳು. "ಕಿವಿ ಟೆಸ್ಟ್ ಮಾಡ್ತಾರ. ಕೆಳಗಿನೋರು ವಾಕಿಟಾಕಿಯಾಗ ಹೇಳಿದ್ದು ಕೇಳದಿದ್ರ ಕ್ರೇನ್ ಕೊಡಂಗಿಲ್ಲ."

"ಅಷ್ಟೊತ್ತಿಗೆ ಕೂಡಬಹುದು, ಕೂಡದೇನೂ ಇರಬಹುದು. ತಾರೀಖು ನಮ್ಮ ಕೈಯಾಗಿಲ್ಲ."

"ಔಷಧಿ ಏನ್ ಹಾಕಬೇಕ್ರಿ?" ಗಾಯತ್ರಿ ಕೇಳಿದಳು.

"ಏನೂ ಹಾಕಬ್ಯಾಡ್ರಿ. ನೋವಿದ್ರ ಈ ಗುಳಿಗಿ ಅಷ್ಟೇ. ಡ್ರಾಪ್ಸ್ ಬ್ಯಾಡ, ಎಣ್ಣಿ ಬ್ಯಾಡ, ಒಂದು ಹನಿ ನೀರೂ ಬ್ಯಾಡ. ತಲಿ ಮ್ಯಾಲ ನೀರು ಹಾಕ್ಕೊಳ್ಳುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿ ಬಾಯಿಗೆ ಇಡ್ರಿ. ಮೂಗು ಜೋರಾಗಿ ಸೀಟಬ್ಯಾಡ್ರಿ. ಅದರ ಪಾಡಿಗೆ ಅದನ್ನ ಬಿಡ್ರಿ."

ಬಾಗಿಲ ತನಕ ಬಂದ ಡಾಕ್ಟರು ಗಾಯತ್ರಿಗಷ್ಟೇ ಕೇಳುವ ಹಾಗೆ ಅಂದರು: "ಇನ್ನೊಮ್ಮೆ ಬಾಗಿಲು ಬಡದ್ರ ನನಗ ಫೋನ್ ಮಾಡ್ರಿ."

ಕಿವಿಗೆ ಹಾಕಲು ಔಷಧಿಯೇ ಬರೆಯದ ಡಾಕ್ಟರೆಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. "ಅಷ್ಟು ದೂರ ಹೋಗಿ ಖಾಲಿ ಕೈಲೇ ಬಂದ್ರಿ? ಏನೂ ಮಾಡಬ್ಯಾಡ್ರಿ ಅನ್ನಾಕ ಡಾಕ್ಟ್ರು ಯಾಕ ಬೇಕು? ನಾನೇ ಹೇಳ್ತಿದ್ದೆ," ಅಂದಳು ಹುಸೇನಮ್ಮ. ಮಾತು ಗಾಯತ್ರಿಗೂ ಸರಿ ಅನಿಸಿತು. ಬಾಣಂತನದಿಂದ ಹಿಡಿದು ಎಮ್ಮೆಯ ಕೆಚ್ಚಲು ಬಾವಿನವರೆಗೆ ಏನಾದರೊಂದನ್ನು ಅರೆದು, ಕಾಯಿಸಿ, ಸವರಿಯೇ ಗುಣ ಮಾಡಿ ಗೊತ್ತಿದ್ದ ಮನೆ ಅದು. ಸುಮ್ಮನೆ ಕೂರುವುದು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಮಾತು ಮುಗಿಸಲು ಬಂದ ಹುಲಿಗೆಮ್ಮ ಚಾಪೆಯ ಮೇಲೆ ಕೂತು ಹೇಮಾಳನ್ನು ಎರಡು ಸಲ ಕರೆದಳು. ಹೇಮಾ ಅವಳ ಕಡೆ ಎಡಗಿವಿ ಮಾಡಿ ಕೂತಿದ್ದಳು, ತಿರುಗಲಿಲ್ಲ. ವಿಷಯ ತಿಳಿದ ಹುಲಿಗೆಮ್ಮನ ಮುಖ ಸಣ್ಣಗಾಯಿತು. ಅರ್ಧ ರೊಟ್ಟಿ ಉಂಡು ಕೈ ತೊಳೆದಳು.

"ಮೊದಲ ಕಿವಿ ನೆಟ್ಟಗಾಗ್ಲಿ ತಗೋ ಮೌನೇಶ. ಆಮ್ಯಾಲ ನೋಡಿದ್ರಾತು. ನಮ್ಮ ಕನಕರಾಜಂಗ ಬ್ಯಾರೆ ಕಡಿಂದನೂ ಕೇಳಾಕ ಹತ್ಯಾರ."

ಅವಳ ಬಸ್ಸು ಹೋದ ಮೇಲೂ ಮೌನೇಶ ಕಟ್ಟೆಯ ಮೇಲೆ ಕೂತೇ ಇದ್ದ. "ಯಾವ ಮದುವಿ ಸಲುವಾಗಿ ಹೊಡದಿದ್ದೋ, ಆ ಮದುವೀನೇ ಎದ್ದು ಹೋತು ನೋಡು," ಅಂದಳು ಹುಸೇನಮ್ಮ. ಹೇಮಾ ಅಪ್ಪನ ಹತ್ತಿರ ಮಾತು ಬಿಟ್ಟು ಆಗಲೇ ನಾಲ್ಕು ದಿನವಾಗಿತ್ತು. ಅವನು ಒಳಗೆ ಬಂದರೆ ಅವಳು ಹಿತ್ತಲಿಗೆ ಹೋಗುತ್ತಿದ್ದಳು.

ಒಂದು ವಾರ ಕಳೆದಿರಬೇಕು. ಪಾಳಿ ಮುಗಿಸಿ ಬಂದ ಮೌನೇಶ ಊಟದ ಡಬ್ಬಿಯ ಜೊತೆ ಒಂದು ಪುಟ್ಟ ಬಾಟಲಿಯನ್ನು ಗಾಯತ್ರಿಯ ಮುಂದಿಟ್ಟ. "ಕಿವಿಗೆ ಹಾಕೋದು. ನಮ್ಮ ಕೂಡ ಕೆಲಸ ಮಾಡೋ ಗುಡ್ಡಪ್ಪನ ಮಗಂಗ ಇದರಿಂದಾನೇ ಆರಾಮಾತಂತ. ಬಸ್ ಸ್ಟ್ಯಾಂಡ್ ಹತ್ರ ಮೆಡಿಕಲ್ ಶಾಪಿನೋನೂ ಹೂಂ ಅಂದ. ದಿನಾ ಎರಡು ಹೊತ್ತು, ಮೂರು ಮೂರು ಹನಿ."

ಅಷ್ಟು ಹೇಳುವಾಗ ಅವನು ತಲೆ ಎತ್ತಲಿಲ್ಲ. ಅವತ್ತಿನಿಂದ ಗಂಡನ ಬಾಯಲ್ಲಿ ಮಗಳ ಸುದ್ದಿ ಬಂದದ್ದು ಅದೇ ಮೊದಲು. ಗಾಯತ್ರಿಯ ಜೀವ ಕರಗಿತು. ಬಾಟಲಿ ಹಿಡಿದು ಸೀದಾ ಮಗಳ ಹತ್ತಿರ ಹೋದಳು.

"ಡಾಕ್ಟ್ರು ಬ್ಯಾಡಂದಾರಮ್ಮ."

"ಡಾಕ್ಟ್ರಿಗೇನು, ತಾನಾಗೇ ಕೂಡ್ತೈತಿ ಅಂತಾರ. ನಿನಗ ಇಪ್ಪತ್ತಕ್ಕ ಕೂಡಬೇಕಲ್ಲ? ನಿಮ್ಮಪ್ಪ ತಾನಾಗೇ ತಂದಾನ. ಹಾಕ್ಕೊಳ್ಳವ್ವ."

"ಅವರು ತಂದ್ರು ಅಂತ ಹಾಕ್ಕೊಳ್ಳೇನು?"

"ನಾ ಹೇಳ್ತೀನಂತ ಹಾಕ್ಕೊ."

ಕಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗಿದಂತೆ ಗುಂಯ್‌ಗುಡುವುದನ್ನು ಕೇಳಿ ಕೇಳಿ ಹೇಮಾ ಸೋತಿದ್ದಳು. ತಾಯಿಯ ತೊಡೆಯ ಮೇಲೆ ತಲೆ ಇಟ್ಟಳು. ಗಾಯತ್ರಿ ಮೂರು ಹನಿ ಬಿಟ್ಟಳು. ಹುಡುಗಿ ಉರಿಗೆ ಮುಖ ಕಿವುಚಿ, ಆಮೇಲೆ ಎದ್ದು ಕೂತು ಉಗುಳು ನುಂಗಿದಳು. "ಗಂಟಲಾಗ ಕಹಿ ಬಂತಲ್ಲಮ್ಮ."

"ಔಷಧಿ ಅಂದ್ರ ಕಹೀನ."

ಮೂರನೆಯ ದಿನ ಎಮ್ಮೆಗೆ ನೀರಿಡಲು ಹೋದ ಹೇಮಾ ಬಕೆಟ್ಟಿನ ಸಮೇತ ಕುಸಿದು ಕೂತಳು. ನೆಲ, ಗೋಡೆ ಎಲ್ಲಾ ಸುತ್ತುತ್ತಿದೆ ಅಂದಳು. ಗಾಯತ್ರಿ ಮುಖ ಒರೆಸಲು ಹೋದರೆ ಎಡಗಿವಿಯ ಕೆಳಗೆ ಹಳದಿ ನೀರು ಇಳಿದಿತ್ತು, ವಾಸನೆ ಬರುತ್ತಿತ್ತು.

ಡಾಕ್ಟರು ಬಾಟಲಿಯ ಮೇಲಿನ ಅಕ್ಷರ ಓದಿ ಅದನ್ನು ಮೇಜಿನ ಮೇಲೆ ಕುಕ್ಕಿದರು. "ಇದನ್ನ ಯಾರು ಕೊಟ್ರಮ್ಮ?"

ಗಾಯತ್ರಿ ಬಾಟಲಿಯನ್ನು ತನ್ನ ಕಡೆ ಎಳೆದುಕೊಂಡಳು.

"ತಮಟೆ ಗಟ್ಟಿ ಇದ್ದೋರಿಗೆ ಹೊರಗಿನ ಕಿವಿ ಬಾತ್ರ ಹಾಕೋ ಔಷಧಿ ಇದು. ತೂತು ಇದ್ದಾಗ ಹಾಕಿದ್ರ ಹೊರಗ ನಿಲ್ಲಂಗಿಲ್ಲ, ಒಳಗ ಇಳೀತೈತಿ. ಗಂಟಲಿಗೆ ಕಹಿ ಬಂತಾ?"

"ಬಂತ್ರಿ," ಅಂದಳು ಹೇಮಾ.

"ನೋಡ್ರಿ ಮತ್ತ. ತೂತಿನಾಗ ಹಾದು, ಒಳಗಿನ ದಾರೀಲೆ ಗಂಟಲಿಗೆ ಬಂದೈತಿ. ಇದರಾಗಿರೋ ಔಷಧಿ ಕೇಳೋ ನರಕ್ಕ ಪೆಟ್ಟು ಮಾಡಬಹುದು. ತಮಟೆ ಹರಿದ್ರ ಕೂಡ್ತೈತಿ, ಇಲ್ಲಾಂದ್ರ ಆಪರೇಷನ್ ಮಾಡಿ ಕೂಡಿಸ್ತೀವಿ. ಆ ನರ ಹೋದ್ರ ನಾನು ಏನೂ ಮಾಡಾಕ ಬರಂಗಿಲ್ಲ."

ಕೇಳುವ ಪರೀಕ್ಷೆಗೆ ಹೇಮಾಳನ್ನು ಗಾಜಿನ ಕೋಣೆಯೊಳಗೆ ಕೂರಿಸಿದರು. ಅವಳು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ, ಸದ್ದು ಕೇಳಿದಾಗೊಮ್ಮೆ ಗುಂಡಿ ಒತ್ತುತ್ತಿದ್ದಳು. ಕೆಲವು ಸಲ ಬಹಳ ಹೊತ್ತು ಒತ್ತುತ್ತಲೇ ಇರಲಿಲ್ಲ. ಆಗೆಲ್ಲ ಹೊರಗೆ ನಿಂತ ಗಾಯತ್ರಿ ಗಾಜಿಗೆ ಹಣೆ ಒತ್ತಿ ಮಗಳ ಬೆರಳನ್ನೇ ನೋಡುತ್ತಿದ್ದಳು.

"ನರ ಉಳದೈತಿ," ಅಂದರು ಡಾಕ್ಟರು ಹಾಳೆ ನೋಡಿ. "ಮೂರೇ ದಿನಕ್ಕ ಬಂದ್ರಿ, ಪುಣ್ಯ. ಆದ್ರ ಕಿವಿ ಒಳಗ ಕೀವಾಗೈತಿ. ತೂತಿನ ಅಂಚು ಮೆತ್ತಗಾಗೈತಿ. ಈಗ ಈ ಡ್ರಾಪ್ಸ್ ಹಾಕಬೇಕು, ಹತ್ತು ದಿನ."

ಗಾಯತ್ರಿ ಬೆಚ್ಚಿದಳು. "ಮತ್ತ ಡ್ರಾಪ್ಸ್ ಅಂತೀರಲ್ರಿ! ಅವತ್ತು ಒಂದು ಹನಿನೂ ಹಾಕಬ್ಯಾಡ್ರಿ ಅಂದ್ರಿ."

"ಅವತ್ತು ಕಿವಿ ಒಣಗಿತ್ತು. ಒಣಗಿದ ಗಾಯಕ್ಕ ಔಷಧಿ ಯಾಕ? ಇವತ್ತು ಕೀವು ಐತಿ. ಕೀವು ಇರೋತನ ತಮಟೆ ಕೂಡಂಗಿಲ್ಲ, ಅದಕ್ಕ ಒಣಗಿಸಬೇಕು. ಇದು ಬ್ಯಾರೆ ಔಷಧಿ, ತೂತಿದ್ರೂ ಒಳಗಿನ ನರಕ್ಕ ತ್ರಾಸಿಲ್ಲ. ಬಾಟಲಿನ ಅಂಗೈಯಾಗ ಹಿಡಿದು ಬೆಚ್ಚಗ ಮಾಡಿ ಹಾಕ್ರಿ, ತಣ್ಣಗಿದ್ರ ತಲಿ ತಿರಗ್ತೈತಿ. ಎಲ್ಲಾ ಡ್ರಾಪ್ಸೂ ಒಂದೇ ಅಲ್ಲಮ್ಮ."

ಗಾಯತ್ರಿ ಹೂಂಗುಟ್ಟಿದಳು. ಎದ್ದು ಹೊರಟವಳು ಮತ್ತೆ ಕುರ್ಚಿಯ ಹಿಂಬದಿ ಹಿಡಿದು ನಿಂತಳು. "ಬಾಗಿಲಲ್ರಿ ಡಾಕ್ಟರಮ್ಮ. ಇವರಪ್ಪ ಹೊಡದ್ರು. ಡ್ರಾಪ್ಸ್ ತಂದೋರೂ ಅವರ, ಹಾಕಿದಾಕಿ ನಾನು."

"ನನಗ ಅವತ್ತೇ ಗೊತ್ತಾಗಿತ್ತು," ಅಂದರು ಡಾಕ್ಟರು. "ಇವತ್ತು ನೀವು ಹೇಳಿದ್ದು ಚಲೋ ಆತು. ಇಪ್ಪತ್ತಕ್ಕ ಕೂಡಂಗಿಲ್ಲ ಇದು. ತಾರೀಖು ಮುಂದಕ ಹಾಕ್ರಿ ಅಂತ ನಾನೊಂದು ಕಾಗದ ಬರದು ಕೊಡ್ತೀನಿ."

ಬಸ್ಸಿನಲ್ಲಿ ಹೇಮಾ ಕಿಟಕಿಯ ಕಡೆ ಮುಖ ಮಾಡಿಯೇ ಇದ್ದಳು. ಕಂಪ್ಲಿ ಹತ್ತಿರ ಬರುವಾಗ ಬಾಯಿ ಬಿಟ್ಟಳು. "ಅಪ್ಪ ಸಿಟ್ಟಿನಾಗ ಹೊಡದ. ನೀನು ಗೊತ್ತಿದ್ದೂ ಹಾಕಿದೆಲ್ಲಮ್ಮ."

"ಹೂಂನವ್ವ," ಅಂದಳು ಗಾಯತ್ರಿ. "ನಂದೇ ತಪ್ಪು."

ಸಂಜೆ ಮೌನೇಶ ಬರುವುದನ್ನೇ ಅವಳು ಕಾದಿದ್ದಳು. ಕಾಲು ತೊಳೆದು ಒಳಗೆ ಬಂದವನ ಎದುರಿಗೇ ಹಳೆಯ ಬಾಟಲಿಯನ್ನು ಒಲೆಯ ಬೂದಿಗೆ ಸುರಿದಳು.

"ಏನಾತು?"

"ಏನಾಗಿಲ್ಲ ಕೇಳ್ರಿ. ಇನ್ನೊಂದು ವಾರ ಹಾಕಿದ್ರ ನಿಮ್ಮ ಮಗಳು ಜೀವಮಾನ ಕಿವುಡಿ ಆಗ್ತಿದ್ಲಂತ. ಹೊಡದೋರು ನೀವು, ಔಷಧಿ ತಂದೋರು ನೀವು, ಹಾಕಿದಾಕಿ ನಾನು. ಇಬ್ರೂ ಕೂಡಿ ಮಾಡಿದ್ದು. ಈಗ ಇಬ್ರೂ ಕೂಡಿ ಹೋಗಬೇಕು."

"ಎಲ್ಲಿಗೆ?"

"ಕಂಪನಿ ಆಫೀಸಿಗೆ. ಮೆಡಿಕಲ್ ಮುಂದಕ ಹಾಕ್ರಿ ಅಂತ ಕೇಳಾಕ."

ಮೌನೇಶ ಗೋಡೆಗೆ ಒರಗಿದ. "ನಾ ಚೈನ್ ಕಟ್ಟೋನು. ಆಫೀಸಿನ ಮೆಟ್ಟಿಲು ಹತ್ತಿಲ್ಲ ಇವತ್ತಿನತನಕ. ನನ್ನ ಮಾತು ಯಾರು ಕೇಳ್ತಾರ?"

"ಕೇಳ್ತಾರೋ ಬಿಡ್ತಾರೋ, ನೀನು ಹೋಗು," ಅಂದಳು ಹುಸೇನಮ್ಮ ಮೂಲೆಯಿಂದ. "ಹೋಗಿ ಬರೋತನ ನಾ ನಿನ್ನ ಕೂಡ ಕುಂತು ಉಣ್ಣಂಗಿಲ್ಲ." ಮುದುಕಿ ಆಡಿದ ಹಾಗೆಯೇ ಮಾಡಿದಳು. ತಟ್ಟೆ ಎತ್ತಿಕೊಂಡು ಮೊಮ್ಮಗಳ ಜೊತೆ ಹಿತ್ತಲಿನಲ್ಲಿ ಉಂಡಳು. ಒಳಗೆ ಮೌನೇಶ ತಣ್ಣಗಾದ ರೊಟ್ಟಿಯನ್ನು ಒಬ್ಬನೇ ಮುರಿದ.

ಗಂಡ ಹೆಂಡತಿ ಹೋದದ್ದು ಅವನಿಗೆ ಮತ್ತೆ ರಜೆ ಬಂದ ದಿನ, ಹತ್ತು ಗಂಟೆಯ ಬಸ್ಸಿಗೆ. ಮೌನೇಶ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಗೇಟಿನಲ್ಲಿ ಹೆಸರು ಬರೆಸಿ, ಬೆಂಚಿನ ಮೇಲೆ ಎರಡು ತಾಸು ಕಾದ ಮೇಲೆ ಒಳಗೆ ಕರೆದರು. ನೇಮಕಾತಿ ನೋಡಿಕೊಳ್ಳುವ ಶ್ರೀನಿವಾಸ ಎಂಬವರು ಡಾಕ್ಟರ ಕಾಗದವನ್ನು ಎರಡು ಸಲ ಓದಿದರು.

"ಪೆಟ್ಟು ಬಿದ್ದು ತಮಟೆ ಹರಿದಿದೆ ಅಂತ ಬರೆದಿದ್ದಾರೆ. ಏನು ಪೆಟ್ಟು? ಗಾಡಿಯಿಂದ ಬಿದ್ಲಾ?"

ಗಾಯತ್ರಿ ಗಂಡನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿಯನ್ನು ನೋಡಿದಳು. ಒಂದು ಸುಳ್ಳು ಅವಳ ನಾಲಿಗೆಯ ತುದಿಗೇ ಬಂದು ಕೂತಿತ್ತು. ಅಷ್ಟರಲ್ಲಿ ಮೌನೇಶ ಗಂಟಲು ಸರಿಮಾಡಿಕೊಂಡ.

"ನಾನೇ ಹೊಡದೆ ಸರ್. ಈ ಕೆಲಸಕ್ಕ ಹೋಗಬ್ಯಾಡಂತ ಹೊಡದೆ. ಈಗ ಆಕಿಗೆ ಈ ಕೆಲಸ ತಪ್ಪಿಸಬ್ಯಾಡ್ರಿ ಅಂತ ಕೇಳಾಕ ಬಂದೀನಿ."

ಶ್ರೀನಿವಾಸ ಕನ್ನಡಕ ತೆಗೆದು ಅವನನ್ನು ನೋಡಿದರು.

"ಪರೀಕ್ಷೆಯಲ್ಲಿ ಅವಳದು ಮೂರನೇ ನಂಬರು. ಗೊತ್ತಾ ನಿಮಗೆ?"

"ಇಲ್ಲ ಸರ್."

"ಮುಂದಿನ ಬ್ಯಾಚ್ ಸೆಪ್ಟೆಂಬರಲ್ಲಿ. ನಾಲ್ಕನೇ ತಾರೀಖು ಮೆಡಿಕಲ್. ಅದಕ್ಕೆ ಹಾಕ್ತೀನಿ. ಅವತ್ತು ಕಿವಿ ಕೇಳದಿದ್ರೆ ಮಾತ್ರ ನಾನೇನೂ ಮಾಡಕ್ಕಾಗಲ್ಲ."

ಹೊರಗೆ ಬಂದು ರಸ್ತೆ ಬದಿಯ ತಳ್ಳುಗಾಡಿಯಲ್ಲಿ ಮಂಡಕ್ಕಿಯ ವಗ್ಗಾಣಿ, ಮಿರ್ಚಿ ತಿಂದರು. ಮೌನೇಶನ ತಟ್ಟೆಯಿಂದ ಮಂಡಕ್ಕಿ ಚೆಲ್ಲಿತು.

"ಆಕಿ ಆಡಿದ್ದು ಖರೇನೇ ಇತ್ತು," ಅಂದ. "ನಾ ಕೆಳಗ, ಆಕಿ ಮ್ಯಾಲ. ಅದಕ್ಕ ತಡಕೊಳ್ಳಾಕ ಆಗಲಿಲ್ಲ."

"ಇದನ್ನ ನನಗ ಹೇಳಿದ್ರ ಏನ್ ಬಂತು? ಆಕಿಗೆ ಹೇಳ್ರಿ."

"ಆಕಿ ನನ್ನ ಮುಖಾನೇ ನೋಡವಲ್ಲಳು."

"ನೋಡೋತನ ಕಾಯ್ರಿ."

ಹೊಸ ಡ್ರಾಪ್ಸಿನ ಜವಾಬ್ದಾರಿಯನ್ನು ಹುಸೇನಮ್ಮ ಯಾರಿಗೂ ಕೊಡಲಿಲ್ಲ. ಗಾಯತ್ರಿ ಡಾಕ್ಟರು ಹೇಳಿದ್ದನ್ನೆಲ್ಲ ಒಂದಲ್ಲ ನಾಲ್ಕು ಸಲ ಹೇಳಿ ತಲೆಗೆ ಹೊಗಿಸಿದ ಮೇಲೆ, ಬೆಳ್ಳುಳ್ಳಿ ಎಣ್ಣೆಯ ಬಟ್ಟಲನ್ನು ತಾನೇ ತೊಳೆದಿಟ್ಟು ಮುದುಕಿ ಪಹರೆಗೆ ನಿಂತಳು. ಬೆಳಿಗ್ಗೆ, ಸಂಜೆ ಬಾಟಲಿಯನ್ನು ಎರಡೂ ಅಂಗೈ ನಡುವೆ ಉಜ್ಜಿ ಬೆಚ್ಚಗೆ ಮಾಡುತ್ತಿದ್ದಳು. ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ವಾರೆ ಇಟ್ಟುಕೊಂಡು ಹನಿ ಬಿಟ್ಟು, ಐದು ನಿಮಿಷ ಅಲುಗಾಡಲು ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಎರ್ರಿಯಪ್ಪ ಯಾವುದೋ ಸೊಪ್ಪಿನ ರಸ ತಂದುಕೊಟ್ಟಾಗ ಬಾಗಿಲಲ್ಲೇ ತಡೆದಳು.

"ಅದನ್ನ ನಿನ್ನ ಕಿವಿಗೆ ಹಾಕ್ಕೊ. ನಮ್ಮ ಹುಡುಗಿ ಕಿವಿ ತಮಟೆ ಹರದೈತಿ. ಸಿಕ್ಕಿದ್ದೆಲ್ಲ ಹಾಕಿದ್ರ ನರ ಸಾಯ್ತೈತಿ. ಗೊತ್ತೈತೇನು ನಿನಗ?"

ಒಳಗೆ ಹೇಮಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬಹಳ ದಿನದ ಮೇಲೆ ಅವಳು ನಕ್ಕಿದ್ದನ್ನು ಕಂಡು ಗಾಯತ್ರಿಯೂ ನಕ್ಕಳು. ತಾಯಿ ಮಗಳ ನಡುವೆ ಬಿಗಿದಿದ್ದದ್ದು ಅವತ್ತು ಸ್ವಲ್ಪ ಸಡಿಲವಾಯಿತು.

ಎಂಟನೆಯ ದಿನಕ್ಕೆ ಕೀವು ನಿಂತಿತು. ಹತ್ತಕ್ಕೆ ಕಿವಿ ಪೂರ್ತಿ ಒಣಗಿತು. "ಇನ್ನ ಇದನ್ನೂ ನಿಲ್ಲಸ್ರಿ. ಬಾಟಲಿ ಉಳದೈತಿ ಅಂತ ಹಾಕಬ್ಯಾಡ್ರಿ," ಅಂದರು ಡಾಕ್ಟರು ಫೋನಿನಲ್ಲಿ. ಹುಸೇನಮ್ಮನಿಗೆ ಅದೊಂದೇ ಬೇಸರ. ಉಳಿದ ಔಷಧಿಯನ್ನು ಚೆಲ್ಲುವಾಗ ಎರಡು ಸಲ ಕೇಳಿದಳು.

ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟರು. ಊರಿಗೆ ಊರೇ ಕೆಸರಿಗಿಳಿಯಿತು. ಮನೆಯ ಎರಡೆಕರೆಗೆ ನೆಲ್ಲು ನಾಟಿ ಮಾಡಲು ಪ್ರತಿ ವರ್ಷ ಹೇಮಾ ತಾಯಿಯ ಪಕ್ಕದಲ್ಲಿ ಬಗ್ಗುತ್ತಿದ್ದಳು. ಈ ಸಲ ಮಳೆ, ಕೆಸರು ನೀರು ಕಿವಿಗೆ ಸಿಡಿದೀತೆಂದು ಅವಳನ್ನು ಗದ್ದೆಗೆ ಬಿಡಲಿಲ್ಲ. ಅವಳ ಸಾಲಿಗೆ ಮೌನೇಶ ಬಂದು ನಿಂತ. ನಸುಕಿನ ಪಾಳಿ ಮುಗಿಸಿ ಮೂರೂವರೆಗೆ ಊರಿಗೆ ಬರುವವನು, ಊಟ ಮಾಡಿ ಸೀದಾ ಗದ್ದೆಗೆ ಇಳಿಯುತ್ತಿದ್ದ. ಹೆಂಗಸರ ಸಾಲಿನಲ್ಲಿ ಒಬ್ಬನೇ ಗಂಡಸು. ಅವನು ಹಚ್ಚಿದ ಸಾಲು ಹಾವಿನಂತೆ ಸೊಟ್ಟಗಿರುತ್ತಿತ್ತು. "ಅಣ್ಣಾ, ಇದು ಕ್ರೇನಲ್ಲ, ನೆಲ್ಲು!" ಎಂದು ಹೆಂಗಸರು ನಗುತ್ತಿದ್ದರು. ಮನೆಯಲ್ಲಿ ಅಡಿಗೆ ಹೇಮಾಳ ಪಾಲಿಗೆ ಬಂತು. ಅವಳ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮೌನೇಶ ಒಂದು ದಿನವೂ ಕೊಂಕು ತೆಗೆಯಲಿಲ್ಲ. ತಟ್ಟೆ ಇಡುವಾಗ ಅವಳು ಮಾತಾಡುತ್ತಿರಲಿಲ್ಲ, ಆದರೆ ಎದ್ದು ಹಿತ್ತಲಿಗೆ ಹೋಗುವುದನ್ನು ಬಿಟ್ಟಿದ್ದಳು. ಹುಸೇನಮ್ಮನೂ ತಟ್ಟೆ ಹಿಡಿದು ಒಳಗೇ ಬಂದು ಕೂತಿದ್ದಳು.

ಆಗಸ್ಟ್ ಮೊದಲ ವಾರ ತೋರಿಸಲು ಹೋದಾಗ ತೂತು ಸೂಜಿ ಮೊನೆಯಷ್ಟಾಗಿತ್ತು. ತಿಂಗಳ ಕೊನೆಗೆ ಮತ್ತೆ ಹೋದರು. ಡಾಕ್ಟರು ಕೊಳವೆ ಇಟ್ಟು ನೋಡಿದರು, ಬೆಳಕು ಸರಿಪಡಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಗಾಯತ್ರಿಯನ್ನೇ ಹತ್ತಿರ ಕರೆದು ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿದರು. ಈರುಳ್ಳಿಯ ಒಳಸಿಪ್ಪೆಯಂಥ ತೆಳ್ಳನೆಯ ಪದರ. ಎಲ್ಲೂ ಕಪ್ಪು ಚುಕ್ಕೆಯಿಲ್ಲ.

"ಕೂಡೈತಿ."

ಗಾಯತ್ರಿಗೆ ಕಣ್ಣೀರು ಬಂತು. ಸೆರಗಿನಿಂದ ಒರೆಸಿಕೊಂಡು, ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟಳು. "ನಾ ಹಾಕಿದ್ದರಿಂದಾನೇ ಇಷ್ಟು ತಡ ಆತೇನ್ರಿ?"

"ಇರಬಹುದು. ಅದನ್ನ ಹಾಕದಿದ್ರ ಇನ್ನೂ ಮೊದಲೇ ಕೂಡ್ತಿತ್ತೇನೋ, ಯಾರು ಹೇಳಾಕ ಬರ್ತೈತಿ? ಎರಡನೇ ಔಷಧಿ ಕೀವು ಒಣಗಿಸ್ತು. ತೂತು ಮುಚ್ಚಿದ್ದು ಮಾತ್ರ ಔಷಧಿ ಅಲ್ಲಮ್ಮ, ಇವಳ ಮೈಯೇ ಮುಚ್ಚಿಕೊಂಡಿದ್ದು."

ಸೆಪ್ಟೆಂಬರ್ ನಾಲ್ಕಕ್ಕೆ ಹೇಮಾ ಮೆಡಿಕಲ್ ತಪಾಸಣೆಗೆ ಒಬ್ಬಳೇ ಹೋದಳು. ಯಾರೂ ಬರುವುದು ಬೇಡ ಅಂದಿದ್ದಳು. ಗಾಯತ್ರಿ ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮೌನೇಶ ಪಾಳಿಯಿಂದ ಬಂದವನು ಉಣ್ಣದೆ ಊರ ಕ್ರಾಸಿಗೆ ಹೋಗಿ ಎರಡು ಬಸ್ಸು ನೋಡಿ ಮರಳಿದ. ಮೂರನೆಯದರಲ್ಲಿ ಹೇಮಾ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಅಜ್ಜೀ, ಪಾಸು!" ಅಂದಳು. "ಎಡಗಿವಿ ಒಂದೀಟು ಕಡಿಮಿ ಐತಂತ. ಆದ್ರ ಲಿಮಿಟ್ ಒಳಗೈತಿ ಅಂದ್ರು. ಹತ್ತನೇ ತಾರೀಖಿಂದ ಬಾ ಅಂದಾರ."

ಹುಸೇನಮ್ಮ ಅವಳ ಎರಡೂ ಗಲ್ಲ ಸವರಿ ನೆಟಿಗೆ ಮುರಿದಳು. ಬೆಲ್ಲದ ಡಬ್ಬಿ ಹುಡುಕಲು ಒಳಗೆ ಹೋದಳು.

ಹೊತ್ತು ಮುಳುಗುವ ಮುಂಚೆ ಹೇಮಾ ಕಟ್ಟೆಯ ಮೇಲೆ ಅಲಸಂದೆಕಾಯಿ ಬಿಡಿಸುತ್ತ ಕೂತಿದ್ದಳು. ಮೌನೇಶ ಬಂದು, ಒಂದು ಮಾರು ದೂರ ಬಿಟ್ಟು, ಅವಳ ಎಡಗಡೆ ಕೂತ. ಒಳಗೆ ಒಲೆಯ ಮುಂದಿದ್ದ ಗಾಯತ್ರಿ ಹಿಟ್ಟು ನಾದುವ ಕೈ ನಿಲ್ಲಿಸಿದಳು.

ಮೌನೇಶ, ನೆಲ ನೋಡುತ್ತ, ತೀರ ಸಣ್ಣ ದನಿಯಲ್ಲಿ ಅಂದ: "ತಪ್ಪಾತವ್ವ ನಂದು."

ಹೇಮಾ ತಿರುಗಲಿಲ್ಲ. ಮಗಳಿಗೆ ಕೇಳಿಸಿತೋ ಇಲ್ಲವೋ ಎಂದು ಗಾಯತ್ರಿ ಬಾಗಿಲ ಸಂದಿಯಿಂದ ಬಗ್ಗಿ ನೋಡಿದಳು.

"ಕೇಳಿಸ್ತಪ್ಪ," ಅಂದಳು ಹೇಮಾ. ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದಳು. "ಇನ್ನೊಮ್ಮಿ ಕೈ ಎತ್ತಿದ್ರ ನಾ ಈ ಮನ್ಯಾಗ ಇರಂಗಿಲ್ಲ. ಇದು ಸಿಟ್ಟಿನ ಮಾತಲ್ಲ. ಹೇಳಿರ್ತೀನಿ."

"ಎತ್ತಂಗಿಲ್ಲವ್ವ."

"ಹೂಂ."

ಅವಳು ಮೊರವನ್ನು ಇಬ್ಬರ ನಡುವೆ ಸರಿಸಿದಳು. ಮೌನೇಶ ಒಂದು ಹಿಡಿ ಕಾಯಿ ತೆಗೆದುಕೊಂಡ. ಒರಟು ಬೆರಳಿಗೆ ಸಿಪ್ಪೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಕಾಳು ಕಟ್ಟೆಯ ಕೆಳಗೆ ಸಿಡಿಯಿತು.

"ಹತ್ತನೇ ತಾರೀಖು ನಿನ್ನ ಪಾಳಿ ಯಾವುದಪ್ಪ?" ಹೇಮಾ ಕೇಳಿದಳು.

"ಮುಂಜಾನಿದು. ನಾಲ್ಕೂವರಿ ಬಸ್ಸು."

"ನಂದೂ ಅದೇ."

ಗಾಯತ್ರಿ ಬಾಗಿಲ ಸಂದಿಯಿಂದ ಹಿಂದೆ ಸರಿದು ಮೇಲಿನ ಹಲಗೆಗೆ ಕೈ ಚಾಚಿದಳು. ಹೇಮಾ ಐಟಿಐಗೆ ಒಯ್ಯುತ್ತಿದ್ದ ಊಟದ ಡಬ್ಬಿ ಒಂದು ವರ್ಷದ ಧೂಳು ಹಿಡಿದು ಕೂತಿತ್ತು. ಅದನ್ನು ಕೆಳಗಿಳಿಸಿ, ಬಚ್ಚಲಿಗೆ ಒಯ್ದು, ಹುಣಸೆಹಣ್ಣು ಹಾಕಿ ತಿಕ್ಕತೊಡಗಿದಳು.